ಕೋಗಿಲಿನ ಇಪ್ಪತ್ತಮೂರು ಹೆಸರು

ತುಮಕೂರಿನಿಂದ ಯಶವಂತಪುರಕ್ಕೆ ಬೆಳಗಿನ ಪ್ಯಾಸೆಂಜರ್ ರೈಲಿಗೆ ಇಪ್ಪತ್ತು ರೂಪಾಯಿ ಟಿಕೆಟ್. ಅರವತ್ತೈದು ಕಿಲೋಮೀಟರ್ ದಾರಿಗೆ ಒಂದೂವರೆ ಗಂಟೆ ಎನ್ನುತ್ತಾರೆ. ಎಕ್ಸ್‌ಪ್ರೆಸ್ ಗಾಡಿಗಳಿಗೆ ದಾರಿ ಬಿಡುತ್ತಾ ನಿಂತರೆ ಎರಡು ಗಂಟೆಯೂ ಆಗುತ್ತದೆ. ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿತ್ತು, ಚಳಿ ಮಾತ್ರ ಹೋಗುವ ಲಕ್ಷಣ ತೋರಿಸಿರಲಿಲ್ಲ. ಡಬ್ಬಿಗೆ ಚಪಾತಿ ಹಾಕಿಕೊಡುತ್ತಾ ನನ್ನ ತಂಗಿ, "ಅರವತ್ತೈದು ದಾಟಿದ ಮೇಲೆ ಬೇರೆಯವರ ಮನೆ ತಾಯಿ ಮಗಳ ಜಗಳಕ್ಕೆ ನೀನ್ಯಾಕೆ ಹೋಗ್ತೀಯ?" ಎಂದಿದ್ದಳು. ಆ ಜಗಳದ ಬುಡದಲ್ಲಿ ನಾನೇ ಕೂತಿದ್ದೇನೆ ಎಂದು ಅವಳಿಗೆ ಹೇಳಿರಲಿಲ್ಲ. ಕ್ಯಾತ್ಸಂದ್ರ ದಾಟಿತು, ಕಿಟಕಿಯಾಚೆ ಮಂಜು ಬಿಟ್ಟರೆ ನೋಡುವುದಕ್ಕೇನೂ ಇಲ್ಲ. ನಿಮಗಾದರೂ ಹೇಳಿಬಿಡುತ್ತೇನೆ.

ನಾನು ವಿಧಾನಸಭೆಯ ಸದನದಲ್ಲಿ ಶೀಘ್ರಲಿಪಿ ವರದಿಗಾರ್ತಿಯಾಗಿದ್ದವಳು. ಸದಸ್ಯರು ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳುವುದು ನಮ್ಮ ಕೆಲಸ. ಸಭಾಂಗಣದ ನಡುವಿನ ಮೇಜಿನ ಮುಂದೆ ಒಬ್ಬೊಬ್ಬರು ಐದೈದು ನಿಮಿಷ ಕೂರುತ್ತಿದ್ದೆವು. ಮುಂದಿನವರು ಬಂದು ಪಕ್ಕದಲ್ಲಿ ನಿಂತ ಕೂಡಲೇ ಎದ್ದು ಒಳಗೆ ಹೋಗಿ, ಬರೆದದ್ದನ್ನು ಬೆರಳಚ್ಚು ಮಾಡಬೇಕು. ನಮ್ಮಲ್ಲೊಂದು ವಾಡಿಕೆ ಇತ್ತು. ಯಾರಾದರೂ ಉದ್ದನೆಯ ಪಟ್ಟಿ ಓದಲು ಶುರುಮಾಡಿದರೆ ಪೆನ್ಸಿಲ್ ಕೆಳಗಿಡುವುದು. ಪಟ್ಟಿ ಕಾಗದದ ಮೇಲೆ ಇದ್ದೇ ಇರುತ್ತದಲ್ಲ, ಆಮೇಲೆ ಅವರಿಂದ ಇಸಿದುಕೊಂಡು ಸೇರಿಸಿದರಾಯಿತು. ಅಷ್ಟು ಹೊತ್ತು ಬೆರಳಿಗೆ ಬಿಡುವು.

ಪುಟ್ಟಲಕ್ಷ್ಮಮ್ಮ ಯಲಹಂಕದ ಪಕ್ಕದ ಕೋಗಿಲು ಎಂಬ ಹಳ್ಳಿಯ ರೈತರ ಮನೆಯ ಸೊಸೆ. ಒಂದೇ ಒಂದು ಸಲ ಗೆದ್ದು ಸದನಕ್ಕೆ ಬಂದರು. ಐದು ವರ್ಷವೂ ಅವರು ಕೇಳಿದ್ದು ಒಂದೇ: ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಊರಲ್ಲೇ ಹೈಸ್ಕೂಲು ಕೊಡಿ. ಆಗ ಆ ಹಳ್ಳಿಗಳಲ್ಲಿ ಗಂಡುಹುಡುಗರಿಗೆ ಸೈಕಲ್ ಕೊಡಿಸಿ ಯಲಹಂಕದ ಶಾಲೆಗೆ ಕಳಿಸುತ್ತಿದ್ದರು, ಹುಡುಗಿಯರನ್ನು ಏಳಕ್ಕೋ ಎಂಟಕ್ಕೋ ನಿಲ್ಲಿಸುತ್ತಿದ್ದರು. ಪುಟ್ಟಲಕ್ಷ್ಮಮ್ಮ ಎದ್ದರೆ ಹಿಂದಿನ ಸಾಲಿನವರು "ಬಂತು ಹೈಸ್ಕೂಲು" ಎಂದು ಪಿಸುಗುಟ್ಟುವಷ್ಟರ ಮಟ್ಟಿಗೆ ಅದೇ ಮಾತು. ಮೂವತ್ತಾರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು, "ಸಂಖ್ಯೆ ಹೇಳಿದ್ರೆ ನಿಮಗೆ ನಾಟಲ್ಲ. ಇವತ್ತು ಹೆಸರು ಹೇಳ್ತೀನಿ" ಎಂದು ಎದ್ದು ನಿಂತರು. ಶಾಲೆ ಬಿಟ್ಟ ಹುಡುಗಿಯ ಹೆಸರು, ಓದುತ್ತಿದ್ದ ಕ್ಲಾಸು, ಬಿಡಿಸಿದ ಕಾರಣ. ಒಂದು, ಎರಡು, ಮೂರು. ಮೇಜಿನಲ್ಲಿ ನಾನಿದ್ದೆ. ಪೆನ್ಸಿಲ್ ಕೆಳಗಿಟ್ಟೆ.

ಇಪ್ಪತ್ತೆರಡು ಹೆಸರಾದ ಮೇಲೆ ಅವರ ದನಿ ಸಣ್ಣದಾಯಿತು. "ಇಪ್ಪತ್ಮೂರನೇದು ನನ್ನ ಮಗಳು ನಾಗವೇಣಿ. ಎಂಟನೇ ಕ್ಲಾಸು. ಬಿಡಿಸಿದ್ದು ನಾನೇ, ಚುನಾವಣೆ ಕೆಲಸದೋರಿಗೆ ಅಡಿಗೆ ಮಾಡೋಕೆ ಅಂತ." ಹಿಂದಿನಿಂದ ಯಾರೋ, "ಹಂಗಾದ್ರೆ ಹೈಸ್ಕೂಲನ್ನ ನಿಮ್ಮ ಅಡಿಗೆಮನೇಲೇ ತೆಗೀರಮ್ಮ" ಎಂದರು. ಸದನ ನಕ್ಕಿತು. ಸದನ ನಕ್ಕರೆ ಬರೆಯಬೇಕು ಎನ್ನುವುದು ನಮ್ಮ ಬೆರಳಿಗೆ ಅಂಟಿದ ಅಭ್ಯಾಸ. ಪೆನ್ಸಿಲ್ ತಾನಾಗಿ ಕೈಗೆ ಬಂತು, ಆವರಣದೊಳಗೆ 'ನಗು' ಎಂದು ಬರೆದೆ. ಅಷ್ಟರಲ್ಲಿ ನನ್ನ ಐದು ನಿಮಿಷ ಮುಗಿಯಿತು.

ಸಂಜೆ ಪಟ್ಟಿ ಕೇಳಲು ಹೋದರೆ ಅವರು ಎರಡೂ ಅಂಗೈ ಬಿಚ್ಚಿ ತೋರಿಸಿದರು. "ಕಾಗ್ದ ಎಲ್ಲೈತವ್ವ? ಎಲ್ಲಾ ಬಾಯಲ್ಲೇ ಐತೆ. ಕೂತ್ಕೊ, ಇನ್ನೊಂದ್ಸಲ ಏಳ್ತೀನಿ, ಬರ್ಕೊ." ನನಗೆ ಅವತ್ತಿನ ವರದಿ ಅವತ್ತೇ ಮುಗಿಸುವ ಅವಸರ. "ನಾಳೆ ಬರ್ತೀನಿ ಮೇಡಂ" ಎಂದೆ. ಒಳಗೆ ಹೋಗಿ, 'ಮಾನ್ಯ ಸದಸ್ಯರು ಇಪ್ಪತ್ತಮೂರು ವಿದ್ಯಾರ್ಥಿನಿಯರ ಹೆಸರುಗಳನ್ನು ಓದಿದರು' ಎಂದು ಆವರಣದಲ್ಲಿ, ಅದರ ಕೆಳಗೆ 'ನಗು' ಎಂದು ಬೆರಳಚ್ಚು ಮಾಡಿ ಕೊಟ್ಟೆ. ಹಾಗೇ ಅಚ್ಚಾಯಿತು. ನಾಳೆ ನಾನು ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ.

ಹದಿನೈದು ದಿನದ ಹಿಂದೆ ನನಗೊಂದು ಫೋನ್ ಬಂತು. ಮಾಡಿದವಳು ಪುಟ್ಟಲಕ್ಷ್ಮಮ್ಮನವರ ಸೊಸೆ ಸುಧಾ. ನನ್ನ ಹಳೆಯ ಸಹೋದ್ಯೋಗಿಯೊಬ್ಬರನ್ನು ಹಿಡಿದು ನಂಬರ್ ಪತ್ತೆ ಮಾಡಿದ್ದಳು. ಅತ್ತೆಗೆ ಈಗ ಮರೆವಿನ ಕಾಯಿಲೆ, ಮನೆಯವರ ಗುರುತೂ ಹತ್ತುವುದಿಲ್ಲ, ಊಟ ಕಮ್ಮಿಯಾಗಿದೆ, ಡಾಕ್ಟರು ಹೆಚ್ಚು ದಿನ ಹೇಳುತ್ತಿಲ್ಲ ಎಂದಳು. ಕಾಯಿಲೆ ಹೆಚ್ಚುವ ಮುಂಚೆ, ಎರಡು ವರ್ಷದ ಹಿಂದೆ, ಅತ್ತೆ ಮಗಳು ನಾಗವೇಣಿಯನ್ನು ಕೂರಿಸಿಕೊಂಡು, "ನಿನ್ನ ಬಿಡ್ಸಿದ್ದು ತಪ್ಪು ಅಂತ ಸದನದಾಗೆ ನಿನ್ ಹೆಸ್ರು ಹಿಡಿದು ಒಪ್ಕೊಂಡಿದೀನಿ ಕಣೆ" ಎಂದರಂತೆ. ನಾಗವೇಣಿಯ ಮಗಳು ಕಂಪ್ಯೂಟರಿನಲ್ಲಿ ಆ ದಿನದ ಕಲಾಪ ಹುಡುಕಿ ತೆಗೆದಳಂತೆ. ಹೆಸರಿಲ್ಲ. ಇದ್ದದ್ದು ನನ್ನ ಆವರಣ. ಈ ವಯಸ್ಸಿನಲ್ಲೂ ಭಾಷಣದ ಸುಳ್ಳು ಹೇಳುತ್ತಾಳೆ ಎಂದು ಎದ್ದುಹೋದ ಮಗಳು ಮತ್ತೆ ಆ ಮನೆ ಮೆಟ್ಟಿಲು ಹತ್ತಿಲ್ಲ. "ಅತ್ತೆ ಕಣ್ಣು ಮುಚ್ಚೋಕೆ ಮುಂಚೆ ಅಕ್ಕ ಒಂದ್ಸಲ ಬರ್ಲಿ ಮೇಡಂ. ಅವತ್ತು ಅಲ್ಲಿ ಕಿವಿಯಾರೆ ಕೇಳಿಸ್ಕೊಂಡೋರು ಹೇಳಿದ್ರೆ ನಂಬ್ತಾರೇನೋ" ಎಂದಳು ಸುಧಾ.

ಯಶವಂತಪುರದಲ್ಲಿ ಇಳಿದಾಗ ಎಂಟೂವರೆ. ಸ್ಟೇಷನ್ನಿನ ಹೊರಗೆ ಹದಿನೈದು ರೂಪಾಯಿಗೆ ಒಂದು ಕಾಫಿ ಕುಡಿದೆ. ಬಿಸಿ ಇತ್ತು ಎನ್ನುವುದೊಂದೇ ಅದರ ಗುಣ. ಅಲ್ಲಿಂದ ತುಮಕೂರು ರಸ್ತೆಯ ಬಸ್ಸು ಹತ್ತಿದರೆ ಗೊರಗುಂಟೆಪಾಳ್ಯ ಎರಡೇ ಕಿಲೋಮೀಟರ್, ಹಿಡಿದದ್ದು ಇಪ್ಪತ್ತೆರಡು ನಿಮಿಷ. ಲಾರಿಗಳ ನಡುವೆ ನಮ್ಮ ಬಸ್ಸು ನಿಂತೇ ಇತ್ತು. ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ಕಣ್ಣಂಚಿನಲ್ಲಿ ನೋಡಿ ಹೆಂಗಸರ ಶೂನ್ಯ ದರದ ಟಿಕೆಟ್ ಹರಿದು ಕೊಟ್ಟ. ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ಆಟೋಗೆ ಎಪ್ಪತ್ತು ರೂಪಾಯಿ ಕೊಟ್ಟು ಶೆಟ್ಟಿಹಳ್ಳಿ ಸೇರುವ ಹೊತ್ತಿಗೆ ಹತ್ತು ಗಂಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯ ಜೋಡಿಸಿಕೊಂಡಿದ್ದೆ. ಬೇರೆಯವರ ಮಾತು ಬರೆದೇ ಆಯುಷ್ಯ ಕಳೆದವಳಿಗೆ ಸ್ವಂತದ್ದು ಒಂದು ವಾಕ್ಯ ಸರಿಯಾಗಿ ಬರುವುದಿಲ್ಲ.

ನಾಗವೇಣಿಯವರ ಮನೆ ಮೊದಲನೇ ಮಹಡಿ. ಐವತ್ತು ವರ್ಷದ, ಎತ್ತರದ ಹೆಂಗಸು. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಮಗಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವತ್ತು ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಇವರು ನಡುಮನೆಯಲ್ಲಿ ನೆನೆಹಾಕಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಕೂತಿದ್ದರು. ಎದ್ದು ಬಂದವರಿಗೆ ನಾನು ಯಾರು, ತುಮಕೂರಿನಿಂದ ಹೇಗೆ ಬಂದೆ ಎಂದು ಹೇಳಿದೆ.

"ಸುಧಾ ಕಳಿಸಿದ್ಲಾ?" ಎಂದರು. ಬಾಗಿಲಿನಿಂದ ಪಕ್ಕಕ್ಕೆ ಸರಿದದ್ದು ಮರ್ಯಾದೆಗೆ. "ಯಶವಂತಪುರಕ್ಕೆ ಹೋಗಿ ಬಂದ್ರಾ? ಚಿಕ್ಕಬಾಣಾವರದಲ್ಲೇ ಇಳಿದಿದ್ರೆ ಇಲ್ಲೇ ಹತ್ರ ಇತ್ತಲ್ಲ."

ಅವರು ಮತ್ತೆ ಕೂತು ಕಾಳು ಹಿದುಕಲು ಶುರು ಮಾಡಿದರು. ಸುಮ್ಮನೆ ಕೂರಲಾರದೆ ನಾನೂ ಒಂದು ಹಿಡಿ ತೆಗೆದುಕೊಂಡೆ. ಅವರ ಹೆಬ್ಬೆರಳು ಒತ್ತಿದರೆ ಸಿಪ್ಪೆಯಿಂದ ಬೇಳೆ ಟಪ್ಪೆಂದು ಹೊರಗೆ ಬೀಳುತ್ತಿತ್ತು, ನನ್ನದು ಗೋಡೆಗೆ ಹಾರುತ್ತಿತ್ತು. ನಾಲ್ಕೈದು ಗೋಡೆಗೆ ಹಾರಿದ ಮೇಲೆ ಅವರು ಬೋಗುಣಿಯನ್ನು ತಮ್ಮ ಕಡೆ ಎಳೆದುಕೊಂಡರು.

"ನಿಮ್ಮ ಅಮ್ಮ ಸುಳ್ಳು ಹೇಳಲಿಲ್ಲ. ಅವತ್ತು ಮೇಜಿನಲ್ಲಿ ಇದ್ದವಳು ನಾನು" ಎಂದೆ.

ಅವರು ಎದ್ದು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಹಾಳೆ ತಂದರು. ಸಿಟ್ಟು ಬಂದ ದಿನವೇ ಹರಿದು ಬಿಸಾಡಿರುತ್ತಾರೆ ಅಂದುಕೊಂಡಿದ್ದೆ. ಎರಡು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. "ಇಲ್ನೋಡಿ ಮೇಡಂ. ಹೆಸರುಗಳನ್ನು ಓದಿದರು ಅಂತಿದೆ. ಯಾರ ಹೆಸರು? ಯಾರದ್ ಬೇಕಾದ್ರೂ ಆಗ್ಬಹುದಲ್ಲ?"

"ಅದನ್ನು ಬರೆದವಳೂ ನಾನೇ."

ಅವರು ನನ್ನ ಮುಖ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, "ಅದರ ಕೆಳಗೆ ನಗು ಅಂತಿದೆ. ಸ್ಕೂಲು ಬಿಟ್ಟ ಹುಡುಗೀರ ಹೆಸರು ಓದಿದ್ರೆ ಜನ ನಗೋದ್ಯಾಕೆ? ಅದೊಂದು ನಂಗೆ ಇವತ್ತಿಗೂ ತಿಳಿದಿಲ್ಲ" ಎಂದರು.

ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಪ್ಪತ್ತಮೂರನೆಯ ಹೆಸರು, ಎಂಟನೇ ಕ್ಲಾಸು, 'ಬಿಡಿಸಿದ್ದು ನಾನೇ' ಎಂದ ಮಾತು, ಹಿಂದಿನ ಸಾಲಿನವನ ಅಡಿಗೆಮನೆಯ ಮಾತು, ಸದನ ನಕ್ಕದ್ದು, ನಾನು ಹೆಸರು ಬಿಟ್ಟು ನಗುವನ್ನು ಮಾತ್ರ ಬರೆದದ್ದು. ಪಟ್ಟಿ ಕೇಳಲು ಹೋದಾಗ ಅಂಗೈ ಬಿಚ್ಚಿ ತೋರಿಸಿದ್ದನ್ನೂ, 'ನಾಳೆ ಬರ್ತೀನಿ' ಎಂದದ್ದನ್ನೂ ಬಿಡಲಿಲ್ಲ. ನಾಗವೇಣಿಯವರ ಕೈ ಬೋಗುಣಿಯಲ್ಲಿ ಹಾಗೇ ನಿಂತಿತ್ತು.

"ಒಂದೇ ತಿಂಗಳು ಅಂದಿದ್ಲು" ಎಂದರು. "ನಂಗೆ ಹದಿಮೂರು. ತಮ್ಮ ಇನ್ನೂ ಕೂಸು. ಅವನನ್ನ ಸೊಂಟಕ್ಕೆ ಹಾಕ್ಕೊಂಡು ದಿನಕ್ಕೆ ಮೂವತ್ತು ನಲವತ್ತು ಜನಕ್ಕೆ ಮುದ್ದೆ ತಿರುವ್ತಿದ್ದೆ. ಅಮ್ಮ ಊರೂರಲ್ಲಿ ಹೆಣ್ಮಕ್ಕಳನ್ನ ಓದಿಸಿ ಅಂತ ಭಾಷಣ ಮಾಡ್ತಿದ್ಲು. ಗೆದ್ದು ಬಂದ್ಲಲ್ಲ, ನಾನು ಪುಸ್ತಕ ಹುಡುಕಿ ಬ್ಯಾಗಿಗೆ ತುಂಬಿಟ್ಕೊಂಡಿದ್ದೆ. ಗೆದ್ದ ಮೇಲೆ ಮನೆಗೆ ಬರೋ ಜನ ಇನ್ನೂ ಜಾಸ್ತಿ ಆದ್ರು. ಹದಿನೇಳಕ್ಕೆ ಮದುವೆ ಮಾಡಿದ್ರು."

ಗೋಡೆಯ ಬುಡಕ್ಕೆ ಬಿದ್ದಿದ್ದ ಬೇಳೆಗಳನ್ನು ನಾನು ಆರಿಸಿದೆ.

"ಅಷ್ಟು ದೊಡ್ಡೋರ ಮುಂದೆ ಹೇಳಿದ್ಲು, ಸರಿ. ನೀವು ಹೇಳ್ತಿದೀರಿ ಅಂದ್ರೆ ನಿಜಾನೇ ಇರುತ್ತೆ. ನನ್ನ ಮುಂದೆ ಹೇಳೋಕೆ ಮೂವತ್ನಾಲ್ಕು ವರ್ಷ ಬೇಕಾಯ್ತಾ ಮೇಡಂ?"

ಅವರು ಸೆರಗಿಗೆ ಕೈ ಒರೆಸಿಕೊಂಡು, ಕೋಗಿಲಿಗೆ ಎಲ್ಲೆಲ್ಲಿ ಬಸ್ಸು ಬದಲಾಯಿಸಬೇಕು ಎಂದು ವಿವರಿಸಿದರು. "ನಾನು ಬರಲ್ಲ. ನೀವು ನೋಡ್ಕೊಂಡು ಬನ್ನಿ" ಎಂದು ಬಾಗಿಲವರೆಗೆ ಬಂದರು. ನಾನು ಮೆಟ್ಟಿಲಿಳಿದೆ. ಬಂದ ಕೆಲಸ ಕೆಟ್ಟಿತು ಎಂದೇ ಅಂದುಕೊಂಡೆ.

ಸ್ಟಾಪಿನಲ್ಲಿ ಇಪ್ಪತ್ತೈದು ನಿಮಿಷ ಕಾದೆ. ಇನ್ನೇನು ಬಸ್ಸು ಬಂತು ಅನ್ನುವಾಗ ನಾಗವೇಣಿಯವರು ಬೇರೆ ಸೀರೆ ಉಟ್ಟು, ಕೈಯಲ್ಲಿ ಮೂರು ಅಂತಸ್ತಿನ ಟಿಫನ್ ಕ್ಯಾರಿಯರ್ ಹಿಡಿದು ಬೇಗ ಬೇಗ ಬರುತ್ತಿದ್ದರು. "ನಿಮಗೆ ದಾರಿ ಗೊತ್ತಾಗಲ್ಲ. ಹೆಬ್ಬಾಳದವರೆಗೆ ಬರ್ತೀನಿ. ಅಲ್ಲಿ ಹತ್ತಿಸಿ ವಾಪಸ್ ಬಂದ್ಬಿಡ್ತೀನಿ" ಎಂದರು. "ಇದರಲ್ಲಿ ನಿನ್ನೆಯ ಹಿದುಕಿದ ಬೇಳೆ ಸಾರಿದೆ. ಸುಧಾಗೆ ಕೊಡಿ."

ಗೊರಗುಂಟೆಪಾಳ್ಯಕ್ಕೆ ವಾಪಸ್ ಬಂದು ವರ್ತುಲ ರಸ್ತೆಯ ಬಸ್ಸು ಹಿಡಿದೆವು. ಹೆಬ್ಬಾಳಕ್ಕೆ ಹತ್ತು ಕಿಲೋಮೀಟರ್ ಇರಬಹುದು, ಐವತ್ತು ನಿಮಿಷ. ಕಿಟಕಿ ಪಕ್ಕ ಅವರು, ಈಚೆ ನಾನು. ಬಿಸಿಲು ಏರಿ ನನ್ನ ಸ್ವೆಟರು ಚೀಲ ಸೇರಿತು. ಅವರು ತಮ್ಮ ಶೂನ್ಯ ಟಿಕೆಟನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದರು.

"ಕೋಗಿಲಿಂದ ಯಲಹಂಕದ ಸ್ಕೂಲಿಗೆ ನಾಲ್ಕು ಕಿಲೋಮೀಟರ್ ನಡೀತಿದ್ದೆ. ಹೋಗ್ತಾ ಬರ್ತಾ ಮನಸ್ಸಲ್ಲೇ ಮಗ್ಗಿ" ಎಂದರು. "ಲೆಕ್ಕ ಅಂದ್ರೆ ನಂಗೆ ಪ್ರಾಣ. ನನ್ ಮಗಳಿಗೆ ಲೆಕ್ಕ ಬರಲ್ಲ, ಕನ್ನಡ ಪಾಠ ಮಾಡ್ತಾಳೆ." ಇಷ್ಟು ಹೇಳಿ ಸಣ್ಣಗೆ ನಕ್ಕರು. ಅವತ್ತು ಅವರು ನಕ್ಕದ್ದು ಅದೊಂದೇ ಸಲ.

ಹೆಬ್ಬಾಳದಲ್ಲಿ ರಸ್ತೆ ಅಗೆದು ಕಂಬ ಎಬ್ಬಿಸುತ್ತಿದ್ದರು, ಬಸ್ಸು ಎಲ್ಲಿ ನಿಲ್ಲುತ್ತದೆ ಎನ್ನುವುದು ಅಲ್ಲಿದ್ದವರಿಗೂ ಗೊತ್ತಿರಲಿಲ್ಲ. ಮೇಲ್ಸೇತುವೆಯ ನೆರಳಿನಲ್ಲಿ ನಿಂತು ನನ್ನ ಚಪಾತಿ ಹಂಚಿಕೊಂಡು ತಿಂದೆವು. ಕೆರೆಯ ಕಡೆಯಿಂದ ಧೂಳು ಬೆರೆತ ಗಾಳಿ ಬೀಸುತ್ತಿತ್ತು. ಯಲಹಂಕದ ಕಡೆಯ ಬಸ್ಸು ಬಂದಾಗ ನಾನು ಟಿಫನ್ ಕ್ಯಾರಿಯರಿಗೆ ಕೈ ಚಾಚಿದೆ. ಅವರು ಕೊಡದೆ, ನನಗಿಂತ ಮುಂಚೆ ತಾವೇ ಹತ್ತಿ ಎರಡು ಸೀಟು ಹಿಡಿದರು.

ಕೋಗಿಲು ಕ್ರಾಸಿನಿಂದ ಆಟೋಗೆ ಅರವತ್ತು ರೂಪಾಯಿ. ಊರು ಎನ್ನುವುದಕ್ಕೆ ಒಂದು ಅರಳಿಕಟ್ಟೆ ಉಳಿದಿದೆ, ಮಿಕ್ಕದ್ದೆಲ್ಲ ನಾಲ್ಕಂತಸ್ತಿನ ಮನೆಗಳು. ತಿರುವಿನಲ್ಲಿ ಹಸಿರು ಬಣ್ಣದ ಕಾಂಪೌಂಡಿನೊಳಗೆ ಹೆಣ್ಣುಮಕ್ಕಳ ಹೈಸ್ಕೂಲು. ಪುಟ್ಟಲಕ್ಷ್ಮಮ್ಮನವರ ಐದನೆಯ ವರ್ಷದಲ್ಲಿ ಮಂಜೂರಾದದ್ದು. ಅಡಿಗಲ್ಲು ಹಾಕುವ ಹೊತ್ತಿಗೆ ಅವರು ಚುನಾವಣೆಯಲ್ಲಿ ಸೋತಿದ್ದರು, ಹಾಗಾಗಿ ಕಲ್ಲಿನ ಮೇಲೆ ಬೇರೆ ಯಾರದ್ದೋ ಹೆಸರಿದೆ ಎಂದು ಸುಧಾ ಫೋನಿನಲ್ಲಿ ಹೇಳಿದ್ದಳು. ನಾನು ಕೈ ತೋರಿಸಿದೆ.

"ಗೊತ್ತು" ಎಂದರು ನಾಗವೇಣಿ. "ಈ ರಸ್ತೇಲಿ ಎಷ್ಟು ಸಲ ಬಂದಿದ್ರೂ ಇಲ್ಲಿಗೆ ಬಂದಾಗ ಮುಖ ಆ ಕಡೆ ತಿರುಗಿಸ್ಕೊಳ್ತಿದ್ದೆ." ಅವತ್ತು ತಿರುಗಿಸಲಿಲ್ಲ. ಆಟೋ ದಾಟಿದ ಮೇಲೂ ಕತ್ತು ಹೊರಳಿಸಿ ನೋಡಿದರು.

ಮನೆಯ ಎರಡನೇ ಮಹಡಿಯಲ್ಲಿ ಸುಧಾ ಬಾಗಿಲು ತೆರೆದಳು. ನನ್ನ ಹಿಂದೆ ಯಾರಿದ್ದಾರೆಂದು ಕಂಡು "ಅಕ್ಕಾ" ಎಂದವಳೇ ಟಿಫನ್ ಕ್ಯಾರಿಯರ್ ಇಸಿದುಕೊಂಡಳು. ಅವಳ ಗಂಡ, ಅಂದರೆ ನಾಗವೇಣಿ ಸೊಂಟದ ಮೇಲೆ ಹೊತ್ತು ಬೆಳೆಸಿದ ಆ ತಮ್ಮ, ಕೆಲಸದ ಮೇಲೆ ದೇವನಹಳ್ಳಿಗೆ ಹೋಗಿದ್ದ.

ಪುಟ್ಟಲಕ್ಷ್ಮಮ್ಮ ರಸ್ತೆ ಕಡೆಯ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಸದನದಲ್ಲಿ ಎದ್ದು ನಿಂತರೆ ಮೇಜು ಸಣ್ಣದಾಗಿ ಕಾಣುತ್ತಿದ್ದ ಹೆಂಗಸು, ಈಗ ಶಾಲಿನೊಳಗೆ ಎಲ್ಲಿದ್ದಾರೆಂದು ಹುಡುಕಬೇಕಿತ್ತು. ಕೂದಲು ಗಿಡ್ಡ ಕತ್ತರಿಸಿದ್ದರು. ನನ್ನನ್ನು ನೋಡಿ ಕಣ್ಣು ಆಚೆ ಹೊರಳಿಸಿದರು. ಆಮೇಲೆ ಮಗಳನ್ನು ನೋಡಿದರು.

"ಯಾರವ್ವ ನೀನು? ಯಾವೂರು?"

ನಾಗವೇಣಿ, "ಶೆಟ್ಟಿಹಳ್ಳಿ" ಎಂದರು.

"ಎಣ್ಮಕ್ಳವ್ರಾ?"

"ಒಬ್ಳಿದ್ದಾಳೆ."

"ಸ್ಕೂಲಿಗೆ ಕಳಿಸ್ತಿದೀಯಾ?"

"ಓದಿದ್ಲಮ್ಮ. ಈಗ ಪಾಠ ಮಾಡ್ತಾಳೆ."

ಅದು ಅವರಿಗೆ ಮುಟ್ಟಿದಂತೆ ಕಾಣಲಿಲ್ಲ. ಊರೂರು ತಿರುಗಿ ಮನೆಮನೆಯ ಬಾಗಿಲಲ್ಲಿ ಹೇಳಿದ ಮಾತೇ ನಾಲಗೆಯ ಮೇಲೆ ಉಳಿದಿತ್ತು. ಎರಡೂ ಕೈ ಸೇರಿಸಿ ಮಗಳಿಗೆ ಮುಗಿದರು. "ಬಿಡುಸ್ಬ್ಯಾಡ ಕಣವ್ವ. ನಿನ್ ಕಾಲಿಗೆ ಬೀಳ್ತೀನಿ. ನಮ್ ವೇಣಿನ ನಾನ್ ಬಿಡ್ಸಿದೆ. ಬಲೇ ಓದೋಳು. ಒಂದ್ ತಿಂಗ್ಳು ಅಂದೆ. ಆ ತಿಂಗ್ಳು ಮುಗೀನೇ ಇಲ್ಲ."

ನಾಗವೇಣಿ ಕೂತು ತಾಯಿಯ ಮುಗಿದ ಕೈಗಳನ್ನು ಬಿಡಿಸಿ ಹಿಡಿದುಕೊಂಡರು. "ಬಿಡಿಸಲ್ಲ" ಎಂದರು. "ಬಿಡಿಸಲ್ಲಮ್ಮ." ಮತ್ತೆ ಎದ್ದು ಅಡಿಗೆಮನೆಗೆ ಹೋದರು. ನಲ್ಲಿ ನೀರು ಬಹಳ ಹೊತ್ತು ಸುರಿಯುತ್ತಿದ್ದದ್ದು ಕೇಳಿಸಿತು. ನಾನು ರೇಲಿಂಗ್ ಹಿಡಿದು ರಸ್ತೆ ನೋಡುತ್ತಾ ನಿಂತೆ. ನನಗೂ ಅಳು ಬಂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಆಮೇಲೆ ನಾಗವೇಣಿ ಅನ್ನಕ್ಕೆ ಸಾರು ಕಲಸಿ ತಂದು ತಾಯಿಗೆ ತುತ್ತು ಕೊಟ್ಟರು. ನಾಲ್ಕು ದಿನದಿಂದ ಎರಡು ಚಮಚಕ್ಕೇ ಬಾಯಿ ಮುಚ್ಚುತ್ತಿದ್ದವರು ಏಳು ತುತ್ತು ತಿಂದರು ಎಂದು ಸುಧಾ ಆಮೇಲೆ ಹೇಳಿದಳು.

ಮೂರು ಗಂಟೆಯ ಹೊತ್ತಿಗೆ, ಯಾರೂ ಕೇಳದೆ, ಪುಟ್ಟಲಕ್ಷ್ಮಮ್ಮ ಬೆನ್ನು ನೆಟ್ಟಗೆ ಮಾಡಿ ಕೂತರು. "ದಿನಾ ಇದೇ ಟೈಮಿಗೆ ಮೇಡಂ" ಎಂದು ಸುಧಾ ಪಿಸುಗುಟ್ಟಿದಳು. "ಯಾರ್ಯಾರದೋ ಹೆಸರು 'ಏಳ್ತಾರೆ'. ನಮಗೊಂದೂ ಗೊತ್ತಾಗಲ್ಲ." ಆ ಒಂದು ಪದವನ್ನು ಅವಳೂ ಅತ್ತೆಯ ಹಾಗೇ ಹಕಾರ ಬಿಟ್ಟು ಆಡಿದಳು.

ಚೀಲದಿಂದ ನೋಟ್‌ಬುಕ್ ಮತ್ತು ಪೆನ್ಸಿಲ್ ತೆಗೆದೆ. ಹನ್ನೊಂದು ವರ್ಷದಿಂದ ಶೀಘ್ರಲಿಪಿ ಬರೆದಿರಲಿಲ್ಲ.

"ಕೆಂಪಮ್ಮನ ಮಗ್ಳು ಭಾಗ್ಯ. ಏಳ್ನೇ ಕ್ಲಾಸು. ತಮ್ಮನ್ ನೋಡ್ಕಳಕ್ಕೆ" ಎಂದರು. "ಚಿಕ್ಕತಾಯಿ. ಏಳ್ನೇ ಕ್ಲಾಸು. ದಾರೀಲಿ ಉಡುಗ್ರು ರೇಗಿಸ್ತಾರೆ ಅಂತ." "ಗೌರಿ. ಆರ್ನೇ ಕ್ಲಾಸು. ದೊಡ್ಡೋಳಾದ್ಲು ಅಂತ." ಗಂಡನ ಹೆಸರು ಮರೆತಿದ್ದರು, ಮಗನ ಮುಖ ಮರೆತಿದ್ದರು. ಹೆಸರಿನ ಹಿಂದೆ ಹೆಸರು ತಪ್ಪದೆ ಬರುತ್ತಿತ್ತು. ಹತ್ತಾದ ಮೇಲೆ ನನ್ನ ಬೆರಳು ಸೆಟೆಯಿತು. ಪೆನ್ಸಿಲ್ ಮಾತ್ರ ಬಿಡಲಿಲ್ಲ. ನಾಗವೇಣಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಹದಿನಾಲ್ಕನೆಯ ಹೆಸರಿಗೆ, "ಇವಳು ನನ್ನ ಪಕ್ಕದಲ್ಲಿ ಕೂರ್ತಿದ್ಲು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಇಪ್ಪತ್ತೆರಡಾಯಿತು.

"ಇಪ್ಪತ್ಮೂರ್ನೇದು ನನ್ ಮಗ್ಳು ನಾಗವೇಣಿ. ಎಂಟ್ನೇ ಕ್ಲಾಸು. ಬಿಡ್ಸಿದ್ದು ನಾನೇ."

ಹೇಳಿ ತಲೆ ತಗ್ಗಿಸಿ, ಭುಜ ಒಳಗೆಳೆದುಕೊಂಡು ಕಾದರು. ಏನಕ್ಕೆ ಕಾಯುತ್ತಿದ್ದಾರೆಂದು ಸುಧಾಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಅವತ್ತು ಬೆಳಿಗ್ಗೆಯಿಂದ ನಾಗವೇಣಿಗೂ ಗೊತ್ತಿತ್ತು. ಮೂವತ್ತಾರು ವರ್ಷದಿಂದ ಆ ನಗು ಅಲ್ಲೇ ಇತ್ತು. ಬಾಲ್ಕನಿಯಲ್ಲಿ ಯಾರೂ ನಗಲಿಲ್ಲ. ಕೆಳಗೆ ಒಂದು ನೀರಿನ ಟ್ಯಾಂಕರ್ ಹಾದುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ತಲೆ ಎತ್ತಿದರು. ನಾನು ಇಪ್ಪತ್ತಮೂರನೆಯ ಸಾಲು ಬರೆದು ಮುಗಿಸಿದ್ದೆ.

ಒಳಗೆ ಕೂತು ಇಡೀ ಪಟ್ಟಿಯನ್ನು ಸಾದಾ ಕನ್ನಡದಲ್ಲಿ ದುಂಡಗೆ ಬರೆದೆ, ಎರಡು ಪ್ರತಿ. ಅಚ್ಚಾದ ಕಲಾಪವನ್ನು ಈಗ ತಿದ್ದಲು ಬರುವುದಿಲ್ಲ. ಅದರಲ್ಲಿ ನನ್ನ ಆವರಣ, ಅದರ ಕೆಳಗೆ ಆ ನಗು, ಹಾಗೇ ಇರುತ್ತವೆ. ಅದನ್ನೂ ನಾಗವೇಣಿಯವರಿಗೆ ಹೇಳಿದೆ. ಅವರು ಒಂದು ಪ್ರತಿ ತೆಗೆದುಕೊಂಡು ಕೊನೆಯ ಸಾಲಿನವರೆಗೂ ಓದಿ, ಆ ಹಳೆಯ ಹಾಳೆಯಿದ್ದ ಪ್ಲಾಸ್ಟಿಕ್ ಕವರಿನೊಳಗೇ ಸೇರಿಸಿದರು. ಕವರನ್ನು ಅವರು ಬೆಳಿಗ್ಗೆಯೇ ಬ್ಯಾಗಿಗೆ ಹಾಕಿಕೊಂಡು ಬಂದಿದ್ದರು.

"ನೀವು ಬರಲ್ವಾ?" ಎಂದೆ.

"ಇವತ್ತು ಇಲ್ಲೇ ಇರ್ತೀನಿ. ಮನೆಗೆ ಫೋನ್ ಮಾಡಿದೀನಿ" ಎಂದರು.

ನನಗೆ ಯಶವಂತಪುರದಿಂದ ಆರೂವರೆಯ ರೈಲು. ನಾಲ್ಕೂಕಾಲಿಗೆ ಹೊರಟೆ. ಹೇಳಿ ಬರೋಣವೆಂದು ಬಾಲ್ಕನಿಗೆ ಹೋದರೆ, ಶಾಲೆ ಬಿಟ್ಟಿತ್ತು. ರಸ್ತೆ ತುಂಬ ನೀಲಿ ಚೂಡಿದಾರದ ಹುಡುಗಿಯರು. ಗುಂಪು ಗುಂಪಾಗಿ, ಜಡೆ ಬೀಸುತ್ತಾ, ಜೋರಾಗಿ ಹರಟುತ್ತಾ ಹೋಗುತ್ತಿದ್ದರು. ಪುಟ್ಟಲಕ್ಷ್ಮಮ್ಮ ರೇಲಿಂಗಿಗೆ ಹಣೆ ತಾಗಿಸಿ ಒಂದೊಂದೇ ಮುಖ ನೋಡುತ್ತಿದ್ದರು. ದಿನಾ ಹೀಗೇ, ಕೊನೆಯ ಹುಡುಗಿ ಹೋಗುವವರೆಗೆ ಒಳಗೆ ಬರುವುದಿಲ್ಲ ಎಂದಳು ಸುಧಾ. ನಾಗವೇಣಿ ತಾಯಿಯ ಕುರ್ಚಿಯ ಹಿಂದೆ ನಿಂತಿದ್ದರು.

"ಹೋಗಿ ಬರ್ತೀನಿ ಮೇಡಂ" ಎಂದೆ. ಈ ಸಲ ನಾಳೆ ಎಂದು ಹೇಳಲಿಲ್ಲ. ಅವರು ನನ್ನ ಕಡೆ ತಿರುಗಲೂ ಇಲ್ಲ.

ಕೆಳಗಿಳಿದು ಆಟೋ ಹತ್ತಿದಾಗ ರಸ್ತೆ ಖಾಲಿಯಾಗುತ್ತಿತ್ತು. ಶಾಲೆಯ ಗೇಟು ಹಾಕಿದ ಸದ್ದು ಕೇಳಿಸಿತು. ಮೇಲಿನಿಂದ ಮುದುಕಿಯ ಮಾತೂ ಕೇಳಿಸಿತು, ಸದನದಲ್ಲಿ ಮಾತಾಡಿ ಮಾತಾಡಿ ಗಟ್ಟಿಯಾದ ಗಂಟಲಲ್ಲವೇ.

"ಎಲ್ರೂ ಬಂದ್ರು. ನಮ್ ವೇಣಿ ಇನ್ನೂ ಬರ್ನಿಲ್ವಲ್ಲ?"

"ಬರ್ತಾಳಮ್ಮ" ಎಂದರು ನಾಗವೇಣಿ. "ಲೆಕ್ಕದ ಕ್ಲಾಸು ಇದೆ ಅವಳಿಗೆ."

ಆಟೋ ಹೊರಟಿತು. ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ನೋಡಿದೆ. ತಾಯಿ ಇನ್ನೂ ರಸ್ತೆ ನೋಡುತ್ತಾ ಕೂತಿದ್ದರು, ಮಗಳು ಅವರ ಹಿಂದೆ ನಿಂತೇ ಇದ್ದರು.